ಚಾಳೀಸು ಹಾಕಿಸಿದರೂ ಸಂಜೆಗೆ ಕಣ್ಣು ಉರಿ, ಕುತ್ತಿಗೆ ನೋವು. ಏನು ಮಾಡಲಿ?

ಗಂಜ್ ಗುಮಾಸ್ತ, ರಾಯಚೂರು:
ಎಲ್ಲರಿಗೂ ನಮಸ್ಕಾರ. ರಾಜೇಂದ್ರ ಗಂಜ್‌ನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 46. ಮೊದಲು ಖಾತೆ ಪುಸ್ತಕ ಇತ್ತು, ಈಗ ಟ್ಯಾಲಿ. ಬೆಳಿಗ್ಗೆ 10ಕ್ಕೆ ಕೂತರೆ ರಾತ್ರಿ 8. ಹತ್ತಿ ಬರುವ ದಿನಗಳಲ್ಲಿ ಇನ್ನೂ ಜಾಸ್ತಿ. ಎಡಕ್ಕೆ ತೂಕದ ಚೀಟಿ, ಎದುರಿಗೆ ಕಂಪ್ಯೂಟರ್. ಚೀಟಿ ನೋಡು, ಹೊಡಿ. ಮತ್ತೆ ಚೀಟಿ ನೋಡು, ಹೊಡಿ.

ಹೋದ ವರ್ಷ ಚಾಳೀಸು ಬಂತು, ಬೈಫೋಕಲ್ ಮಾಡಿಸಿದೆ. ಕಂಪ್ಯೂಟರ್ ಬೆಳಕು ತಟ್ಟಲ್ಲ ಅಂತ ‘ಬ್ಲೂ ಕಟ್’ಗೆ 700 ರೂಪಾಯಿ ಬೇರೆ ತಗೊಂಡರು. ಚೀಟಿ ಚೆನ್ನಾಗಿ ಕಾಣುತ್ತದೆ. ಆದರೆ ಸಂಜೆ 5 ಆಯಿತೆಂದರೆ ಕಣ್ಣಲ್ಲಿ ಉಸುಕು ಬಿದ್ದ ಹಾಗೆ. ಪರದೆ ಮೇಲೆ 3 ಯಾವುದು 8 ಯಾವುದು ತಿಳಿಯಲ್ಲ. ಮೊನ್ನೆ 38 ಕ್ವಿಂಟಲ್‌ಗೆ 33 ಹೊಡೆದು, ರೈತರ ಎದುರೇ ಸಾವ್ಕಾರ್ರ ಕೈಲಿ ಬೈಸಿಕೊಂಡೆ. ಔಷಧಿ ಅಂಗಡಿಯಲ್ಲಿ ಕೇಳಿ ಯಾವುದೋ ಡ್ರಾಪ್ಸ್ ತಂದೆ. ಹಾಕಿದ ದಿನ ತಂಪು, ಮರುದಿನ ಅದೇ ಕಥೆ.

ಲಿಂಗಸುಗೂರು ಹುಡುಗ:
ಅಣ್ಣಾ, ರಾತ್ರಿ ಒಂದೊಂದು ಹನಿ ಹರಳೆಣ್ಣೆ ಬಿಟ್ಟು ಮಲಗಿ. ನಮ್ಮಜ್ಜಿ ಅದನ್ನೇ ಮಾಡೋದು.

ಡಿಟಿಪಿ ಅಕ್ಕ, ಕೊಪ್ಪಳ:
ಕೂಲರ್ ಎಲ್ಲಿದೆ ರೀ ನಿಮ್ಮದು? ನನಗೂ ಹೀಗೇ ಆಗಿತ್ತು. ಮದುವೆ ಕಾರ್ಡಿನ ಕೆಲಸ ಬಂದರೆ ತಲೆ ಎತ್ತುತ್ತಿರಲಿಲ್ಲ. ಕೂಲರ್ ಗಾಳಿ ನೇರ ಮುಖಕ್ಕೆ. ಪರದೆ ನೋಡುವಾಗ ರೆಪ್ಪೆ ಬಡಿಯೋದನ್ನೇ ಮರೀತೀವಿ. ಸುಮ್ನೆ ಕೂತಾಗ ನಿಮಿಷಕ್ಕೆ 15 ಸಲ ಬಡಿಯುವ ರೆಪ್ಪೆ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಮೇಲೆ ಗಾಳಿ ಹೊಡೆದರೆ ಕಣ್ಣೀರು ಆರದೆ ಇರುತ್ತಾ? ನಾನು ಕೂಲರನ್ನು ಕಾಲ ಕಡೆ ತಿರುಗಿಸಿದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡುತ್ತೇನೆ. ನನ್ನ ಅಂಗಡಿಯೇ 12 ಅಡಿ, ಅದಕ್ಕೇ ಬಾಗಿಲ ತನಕ ಎದ್ದು ಹೋಗಬೇಕು. ಆ ನೆಪದಲ್ಲಿ ಸೊಂಟವೂ ಸಡಿಲ ಆಗುತ್ತೆ.

ನಂಬರ್ ನೋಡುವವ, ಬಳ್ಳಾರಿ:
ಗುಮಾಸ್ತರೇ, ಒಂದು ಪ್ರಶ್ನೆ. ಕಂಪ್ಯೂಟರ್ ನೋಡುವಾಗ ಗದ್ದ ಮೇಲೆತ್ತುತ್ತೀರಾ?

ಹೌದಾದರೆ ಕುತ್ತಿಗೆ ನೋವಿಗೆ ಕಾರಣ ಸಿಕ್ಕಿತು. ಬೈಫೋಕಲ್‌ನ ಕೆಳಗಿನ ತುಂಡು 35-40 ಸೆಂಟಿಮೀಟರ್‌ನಲ್ಲಿ ಓದುವುದಕ್ಕೆ, ಅಂದರೆ ನಿಮ್ಮ ಚೀಟಿಗೆ. ಮೇಲಿನ ಗಾಜು ದೂರಕ್ಕೆ. ಕಂಪ್ಯೂಟರ್ ಇರುವುದು 60-65ರಲ್ಲಿ. ಅದಕ್ಕೆ ಎರಡೂ ಗಾಜು ಸರಿಯಲ್ಲ. ಕೆಳಗಿನ ಗಾಜಿನಲ್ಲಿ ಹಿಡಿಯೋಣ ಅಂತ ದಿನವಿಡೀ ತಲೆ ಹಿಂದಕ್ಕೆ ಬಗ್ಗಿಸುತ್ತೀರಿ. ಆದರೂ ಮಸುಕು. 3, 8 ಗೊಂದಲ ಅಲ್ಲಿಂದಲೇ ಇರಬೇಕು.

ನಿಮ್ಮ ಮೇಜಿನ ದೂರ ಅಳೆದುಕೊಂಡು ಹೋಗಿ, ಕಂಪ್ಯೂಟರ್‌ಗೇ ಬೇರೆ ಕನ್ನಡಕ ಕೇಳಿ. ಸಾಮಾನ್ಯವಾಗಿ ದೂರದ ನಂಬರಿಗೆ ಓದುವ ಪವರಿನ ಅರ್ಧದಷ್ಟು ಸೇರಿಸಿದರೆ ಸಾಕಾಗುತ್ತದೆ. ಪರೀಕ್ಷೆ ಮಾಡಿಯೇ ಬರೆಸಿಕೊಳ್ಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ.

ಬ್ಲೂ ಕಟ್ ದುಡ್ಡು ಹೋಯಿತು ಅಂದುಕೊಳ್ಳಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2023ರಲ್ಲಿ ಇಂಥ ಗಾಜಿನ ಬಗ್ಗೆ 17 ಪ್ರಯೋಗಗಳನ್ನು ನೋಡಿದ್ದರು. ಕಂಪ್ಯೂಟರ್‌ನಿಂದ ಬರುವ ಕಣ್ಣಿನ ದಣಿವಿಗೆ ಅದರಿಂದ ಲಾಭ ಇದ್ದಂತಿಲ್ಲ ಅಂತಲೇ ಅವರ ಮಾತು. ನಮ್ಮ ಕಡೆ ಎಲ್ಲರೂ ಮಾರುತ್ತಾರೆ, ನಾನೂ ಮಾರಿದ್ದೇನೆ.

ಡ್ರಾಪ್ಸ್ ಶೀಶೆ ಮೇಲೆ ‘ಡೆಕ್ಸಾಮೆಥಸೋನ್’ ಅಂತೇನಾದರೂ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಅದು ಸ್ಟೀರಾಯ್ಡ್. ವಾರಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಪೊರೆಯೂ ಬರಬಹುದು. ಲಿಂಗಸುಗೂರು ತಮ್ಮಾ, ಹರಳೆಣ್ಣೆ ತಲೆಗೆ ಹಚ್ಚು. ಅಡುಗೆಮನೆ ಎಣ್ಣೆ ಕಣ್ಣಿಗೆ ಬೇಡ.

ಗಂಜ್ ಗುಮಾಸ್ತ, ರಾಯಚೂರು:
ಗದ್ದ ಎತ್ತುತ್ತೇನೆ ರೀ! ಪಕ್ಕದ ಹಮಾಲನಿಗೆ ನೋಡು ಅಂದೆ. ‘ದಿನಾ ಕೋಳಿ ನೀರು ಕುಡಿದಂಗೆ ಕೂತಿರ್ತೀರಿ’ ಅಂದ. ಟೇಪ್ ಹಿಡಿದರೆ 63 ಸೆಂಟಿಮೀಟರ್. ಶೀಶೆಯಲ್ಲಿ ಅದೇ ಹೆಸರಿದೆ, ನಾಳೆ ಬೆಳಿಗ್ಗೆ ಕಣ್ಣಿನ ಡಾಕ್ಟರ್ ಹತ್ತಿರ ಹೊರಟಿದ್ದೇನೆ. ಅಕ್ಕಾರ, ಕೂಲರ್ ತಿರುಗಿಸಿದೆ. ಈಗ ಗಾಳಿಯೆಲ್ಲ ಸಾವ್ಕಾರ್ರಿಗೆ, ಅವರು ಖುಷಿಯಾಗಿದ್ದಾರೆ.