ಹೆಬ್ರಿಡೀಸ್ ಕೇಳಿದೆ, ಸಮುದ್ರ ಎಲ್ಲಿದೆ ಅಂತಾನೇ ಗೊತ್ತಾಗಲಿಲ್ಲ

ಗ್ಲಾಸ್ಗೋ_ಧಾರವಾಡಿ:
ಎಲ್ಲರಿಗೂ ನಮಸ್ಕಾರ. ಹೆಂಡತಿ ಆಫೀಸಿನವರು ಎರಡು ಟಿಕೆಟ್ ಕೊಟ್ಟಿದ್ದಾರೆ, ಶನಿವಾರ ಸಂಜೆ ಆರ್ಕೆಸ್ಟ್ರಾ ಕಛೇರಿ, ಪೂರ್ತಿ ಸಮುದ್ರದ ಸಂಗೀತವಂತೆ. ಮೊದಲು ಮೆಂಡೆಲ್ಸನ್‌ನ ಹೆಬ್ರಿಡೀಸ್ (ಸ್ಕಾಟ್ಲೆಂಡಿನ ದ್ವೀಪಗಳ ಹೆಸರು), ಆಮೇಲೆ ಎಲ್ಗಾರ್‌ನ ಸೀ ಪಿಕ್ಚರ್ಸ್, ಇಂಟರ್ವಲ್ ಆದ ಮೇಲೆ ರಿಮ್ಸ್ಕಿ ಕೊರ್ಸಕೋವ್‌ನ ಶೆಹೆರಜಾದೆ. ನಾನು ಹಿಂದೂಸ್ತಾನಿ ಕೇಳಿ ಬೆಳೆದವನು, ಒಂದೇ ರಾಗ ಮುಕ್ಕಾಲು ಗಂಟೆ ಹಾಡಿದರೂ ಅಲ್ಲಾಡದೆ ಕೂರ್ತೀನಿ. ಆದರೆ ಹೆಬ್ರಿಡೀಸ್ ಫೋನಲ್ಲಿ ಎರಡು ಸಲ ಹಾಕಿದೆ. ಚೆನ್ನಾಗಿದೆ, ಆದರೆ ಹೆಸರು ಹೇಳದೆ ಇದು ಕಾಡು ಅಂದಿದ್ದರೂ ನಂಬ್ತಿದ್ದೆ. ಏನನ್ನು ಹಿಡ್ಕೊಂಡು ಕೇಳಬೇಕು? ಚಪ್ಪಾಳೆ ಯಾವಾಗ? ಕೋಟು ಬೇಕೇ ಬೇಕಾ?

ಸೆಲ್ಲೋ_ಕಲಿಯೋಳು:
ಕೋಟು ಬೇಡ, ಸ್ವೆಟರ್ ಸಾಕು. ಸೀ ಪಿಕ್ಚರ್ಸ್‌ನಲ್ಲಿ ಐದು ಹಾಡು, ಶೆಹೆರಜಾದೆಯಲ್ಲಿ ನಾಲ್ಕು ಭಾಗ. ನಡುನಡುವೆ ಚಪ್ಪಾಳೆ ತಟ್ಟಬೇಡಿ, ಆರ್ಕೆಸ್ಟ್ರಾ ನಡೆಸೋ ಕಂಡಕ್ಟರ್ ಕೈ ಇಳಿಸಿ ನಮ್ಮ ಕಡೆ ತಿರುಗಲಿ. ಅಪ್ಪಿತಪ್ಪಿ 'ವಾಹ್' ಅನ್ನಬೇಡಿ, ನಾನೊಮ್ಮೆ ಅಂದೆ, ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿದ ನೋಟ ಇನ್ನೂ ಕಣ್ಣಲ್ಲಿದೆ.

ಫೋನ್ ಸ್ಪೀಕರಲ್ಲಿ ಹೆಬ್ರಿಡೀಸ್ ಸಿಗೋದೇ ಇಲ್ಲ ಸರ್, ಅದರ ಸಮುದ್ರ ಇರೋದು ಕೆಳಗಿನ ಸ್ವರಗಳಲ್ಲಿ. ಶುರುವಿನಲ್ಲೇ ವಯೋಲಾ, ಸೆಲ್ಲೋ (ಎರಡೂ ಪಿಟೀಲಿಗಿಂತ ದೊಡ್ಡ ತಂತಿವಾದ್ಯ), ಬಸೂನ್ (ದಪ್ಪ ದನಿಯ ಊದುವಾದ್ಯ) ಸೇರಿ ಒಂದು ಪುಟ್ಟ ತುಣುಕು ನುಡಿಸ್ತವೆ, ಮೇಲಿಂದ ಕೆಳಗೆ ಜಾರೋ ತರಹದ್ದು. ಅದನ್ನೇ ಎರಡು ಸಲ, ಮತ್ತೆ ಸ್ವಲ್ಪ ಮೇಲಿನ ಸ್ವರದಿಂದ ಎರಡು ಸಲ, ಇನ್ನೂ ಮೇಲಿಂದ ಇನ್ನೆರಡು ಸಲ. ನಿಮ್ಮ ಹಿಂದೂಸ್ತಾನಿಯ ಪಕಡ್, ಅಂದರೆ ರಾಗದ ಗುರುತು ಹಿಡಿಸೋ ಸ್ವರಗಳ ತುಣುಕು, ಇದ್ದ ಹಾಗೆ ಅಂದ್ಕೊಳ್ಳಿ. ಹತ್ತು ನಿಮಿಷ ಅದು ಎಲ್ಲೆಲ್ಲಿ ತಲೆ ಎತ್ತುತ್ತೆ ನೋಡ್ತಾ ಇರಿ. ಕೊನೆಯ ಹತ್ತಿರ ಗದ್ದಲ ಅಡಗಿ ಎರಡು ಕ್ಲಾರಿನೆಟ್ ಮೆಲ್ಲಗೆ ಹಾಡ್ತವೆ, ಆಗ ಕೆಮ್ಮೋರ ಪಕ್ಕ ಕೂತಿರಬಾರದು ಅಷ್ಟೆ.

ಮಲ್ಪೆ_ಮಾಣಿ:
ಆ ಹೆಬ್ರಿಡೀಸ್ ಕೃತಿಗೆ ಫಿಂಗಲ್ ಗುಹೆ ಅಂತಲೂ ಹೆಸರು, ಆ ಗುಹೆ ಇರೋದು ಸ್ಟಾಫಾ ದ್ವೀಪದಲ್ಲಿ. ಬರೆಯೋಕೆ ಶುರು ಮಾಡಿದಾಗ ಮೆಂಡೆಲ್ಸನ್ ಕೂಡ ಗುಹೆ ನೋಡಿರಲಿಲ್ಲ! 1829ರ ಆಗಸ್ಟ್ 7ರ ಪತ್ರದಲ್ಲಿ ಶುರುವಿನ ಸಾಲುಗಳನ್ನು ಮನೆಗೆ ಬರೆದು ಕಳಿಸಿದ, ಸ್ಟಾಫಾ ದ್ವೀಪಕ್ಕೆ ದೋಣಿ ಹತ್ತಿದ್ದು ಮರುದಿನ. ಇಪ್ಪತ್ತು ವರ್ಷದ ಹುಡುಗ, ದಾರಿಯುದ್ದಕ್ಕೂ ಹೊಟ್ಟೆ ತೊಳಸಿ ಒದ್ದಾಡಿದ್ದಾನೆ. ಸಮುದ್ರ ಇವನ ಸಂಗೀತಕ್ಕೆ ಒಗ್ಗಿದಷ್ಟು ಹೊಟ್ಟೆಗೆ ಒಗ್ಗಲಿಲ್ಲ ಅನ್ನೋ ಅರ್ಥದಲ್ಲಿ ಜೊತೆಗಿದ್ದ ಗೆಳೆಯನೇ ಬರೆದಿದ್ದಾನೆ. ಮುಂದೆ ತಿದ್ದಿ ತಿದ್ದಿ ಬೇಜಾರಾಗಿ, ನಡುವಿನ ಭಾಗದಲ್ಲಿ ತಿಮಿಂಗಿಲದ ಎಣ್ಣೆ, ಕಡಲಹಕ್ಕಿ, ಉಪ್ಪು ಮೀನಿನ ವಾಸನೆಗಿಂತ ಸಂಗೀತದ ಪಾಠದ ವಾಸನೆಯೇ ಜಾಸ್ತಿ ಅಂತ ಅಕ್ಕನಿಗೆ ಗೊಣಗಿದ. ಒಣಮೀನಿನ ವಾಸನೆಯಲ್ಲೇ ಬೆಳೆದ ನನಗೆ ಆ ಮಾತು ಓದಿ ಇವನು ನಮ್ಮವನೇ ಅನ್ನಿಸ್ತು.

ನಾನು ಹೋದ ವರ್ಷ ಆ ಗುಹೆಗೆ ಹೋಗಿದ್ದೆ. ಓಬನ್‌ನಿಂದ ಮಲ್ ದ್ವೀಪಕ್ಕೆ ಫೆರಿ, ಅಲ್ಲಿಂದ ಸಣ್ಣ ದೋಣಿ. ಫಿಂಗಲ್ ಗುಹೆಯ ಕಲ್ಲುಕಂಬಗಳು ನಮ್ಮ ಮಲ್ಪೆ ಹತ್ತಿರದ ತೋನ್ಸೆಪಾರ್‌ನ, ಅಂದರೆ ಸೇಂಟ್ ಮೇರೀಸ್ ದ್ವೀಪದ, ಕಂಬಗಳ ಅಣ್ಣತಮ್ಮ. ಎರಡೂ ಕಡೆ ಲಾವಾ ಆರುವಾಗ ಕುಗ್ಗಿ ಬಿರುಕು ಬಿಟ್ಟು ಆದದ್ದೇ. ಆದರೆ ನಮ್ಮಲ್ಲಿ ಹಾಗೆ ಕೂಗೋ ಗುಹೆ ಇಲ್ಲ. ಅಲೆ ಒಳಗೆ ಹೋಗುತ್ತೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಒಳಗಿನಿಂದ ಯಾರೋ ನುಂಗಿದ ಹಾಗೆ ಗುಳುಂ.

ನಾಲ್ಕನೇ_ಸಾಲು:
ಎಲ್ಲರೂ ಹೆಬ್ರಿಡೀಸಲ್ಲೇ ಮುಳುಗಿದ್ರಿ, ಅವತ್ತಿನ ದೊಡ್ಡ ಊಟ ಶೆಹೆರಜಾದೆ ಅಲ್ವಾ? ಅರೇಬಿಯನ್ ನೈಟ್ಸ್ ಕಥೆಗಳನ್ನು ಹೇಳೋ ರಾಣಿಯ ಹೆಸರೇ ಅದು. ರಿಮ್ಸ್ಕಿ ನೌಕಾಪಡೆಯಲ್ಲಿದ್ದವನು, 1862ರಿಂದ 65ರವರೆಗೆ ಅಲ್ಮಾಜ್ ಅನ್ನೋ ಹಡಗಲ್ಲಿ ಸುತ್ತಿದ್ದ. ಶೆಹೆರಜಾದೆ ಬರೆದದ್ದು 1888ರಲ್ಲಿ. ಮೊದಲ ಭಾಗದಲ್ಲಿ ಸೆಲ್ಲೋಗಳ ಕಮಾನು ಏರೋದು ಇಳಿಯೋದು ಕಣ್ಣಲ್ಲೇ ನೋಡಿ, ಸಿಂದಬಾದನ ಹಡಗು ತೂಗ್ತಾ ಇರುತ್ತೆ. ಒಂಟಿ ಪಿಟೀಲು ಬಂದಾಗಲೆಲ್ಲ ಕಥೆ ಹೇಳೋ ರಾಣಿ ಬಂದಳು ಅಂತ ಲೆಕ್ಕ. ಕೊನೆಯ ಭಾಗದಲ್ಲಿ ಹಡಗು ಬಂಡೆಗೆ ಬಡಿದಾಗ ದೊಡ್ಡ ಜಾಗಟೆ ಮೊಳಗುತ್ತೆ, ಆಮೇಲೆ ಎಲ್ಲ ತಣ್ಣಗಾಗಿ ಮತ್ತೆ ಅದೇ ಪಿಟೀಲು. ಆಗಲೇ ಎದ್ದು ಕೋಟು ಹುಡುಕಬೇಡಿ. ಎಲ್ಗಾರ್ ನನಗೆ ಸ್ವಲ್ಪ ನಿದ್ದೆ ತರಿಸ್ತಾನೆ, ಬಯ್ಯಿರಿ ಬೇಕಾದ್ರೆ.

ಸೆಲ್ಲೋ_ಕಲಿಯೋಳು:
ಬಯ್ತೀನಿ. ಎರಡನೇ ಹಾಡಿನ ಸಾಹಿತ್ಯ ಎಲ್ಗಾರ್ ಹೆಂಡತಿಯದು, ಪುಟ್ಟದು, ಅದನ್ನಾದರೂ ಎದ್ದು ಕೂತು ಕೇಳಿ.

ಗ್ಲಾಸ್ಗೋ_ಧಾರವಾಡಿ:
ಹೆಡ್‌ಫೋನ್ ಹಾಕಿ ಈಗ ಮತ್ತೆ ಕೇಳಿದೆ. ಆ ತುಣುಕು ಸಿಕ್ತು, ಈಗ ತಲೆಯಿಂದ ಹೋಗ್ತಾನೇ ಇಲ್ಲ, ಅಡುಗೆಮನೆಯಲ್ಲಿ ಗುನುಗಿ ಬೈಸ್ಕೊಂಡೆ. ಮಾಣಿಯವರೇ, ಆ ಸಣ್ಣ ದೋಣಿ ಎಷ್ಟು ಅಲ್ಲಾಡುತ್ತೆ? ಮನೆಯವಳಿಗೆ ಆಗುಂಬೆ ಘಾಟಿಯಲ್ಲೇ ವಾಂತಿ.

ಮಲ್ಪೆ_ಮಾಣಿ:
ಹಾಗಾದ್ರೆ ಶನಿವಾರ ಕಛೇರಿ ಕೇಳಿಸಿ ಸಾಕು ಮಾರಾಯ್ರೆ.