62,000 ಕಿ.ಮೀ.ಗೇ ವಾಟರ್ ಪಂಪ್ ಹೋಯ್ತು, ಇದು ಸಹಜವಾ?

ಪ್ರಶ್ನೆ:
ಆರು ವರ್ಷ ಹಳೆಯ ಜರ್ಮನ್ ಸೆಡಾನ್ ನನ್ನದು. ಹೋದ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ದೀಪ ಕೆಂಪಾಯ್ತು. ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಎಂಜಿನ್ ತಂಪಾಗಿಡುವ ದ್ರವವನ್ನು (ಕೂಲೆಂಟ್) ಸುತ್ತಿಸುವ ಎಲೆಕ್ಟ್ರಿಕ್ ವಾಟರ್ ಪಂಪ್ ಹೋಗಿದೆಯಂತೆ. ಒಂದು ಹನಿಯೂ ಸೋರಿರಲಿಲ್ಲ! ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಕೂಡ ಬದಲಿಸಬೇಕಾ?

ಉತ್ತರ 1:
ಆಫ್ ಮಾಡಿದ್ದೇ ಒಳ್ಳೆಯದಾಯ್ತು. ಹಾಗೇ ಓಡಿಸಿದ್ದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗುವ ಅಪಾಯ ಇತ್ತು. ಇಂಥ ಪಂಪನ್ನು ಬೆಲ್ಟ್ ತಿರುಗಿಸುವುದಿಲ್ಲ. ಒಳಗೇ ಮೋಟಾರ್, ಸರ್ಕ್ಯೂಟ್ ಬೋರ್ಡ್ ಇರುತ್ತವೆ. ಬೋರ್ಡ್ ಕೆಟ್ಟರೆ ಪಂಪ್ ಸೋರದೆಯೇ ನಿಂತುಬಿಡುತ್ತದೆ. ಥರ್ಮೋಸ್ಟಾಟ್ ಈಗಲೇ ಹಾಕಿಸಿ. ಹೇಗೂ ಕೂಲೆಂಟ್ ಇಳಿಸುತ್ತಾರೆ, ಎರಡು ಸಲ ಲೇಬರ್ ಚಾರ್ಜ್ ಯಾಕೆ ಕೊಡಬೇಕು, ಅಲ್ವಾ?

ಉತ್ತರ 2:
ಬೋರ್‌ವೆಲ್ ನೀರು ಮಾತ್ರ ಹಾಕಿಸಬೇಡಿ, ದಯವಿಟ್ಟು. ನನ್ನ ಹಳೆಯ ಕಾರಿನ ರೇಡಿಯೇಟರ್ ಒಳಗೆ ಬಿಳಿ ಉಪ್ಪು ಕಟ್ಟಿ ಹಾಳಾಯ್ತು. ಮ್ಯಾನ್ಯುಯಲ್‌ನಲ್ಲಿ ಹೇಳಿದ ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಸಾಮಾನ್ಯವಾಗಿ ಅರ್ಧರ್ಧ. ಆಮೇಲೆ ಕೂಲೆಂಟ್ ಹರಿಯುವ ಪೈಪುಗಳೊಳಗಿನ ಗಾಳಿ ತೆಗೆಸುವುದನ್ನು ಮರೆಯಬೇಡಿ. ಒಳಗೆ ಗಾಳಿ ಉಳಿದರೆ ಹೊಸ ಪಂಪ್ ಇದ್ದರೂ ಬಿಸಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಪಂಪ್, ಥರ್ಮೋಸ್ಟಾಟ್ ಎರಡನ್ನೂ ಹಾಕಿಸಿದೆ. ಗಾಳಿ ತೆಗೆಯುವಾಗ ಪಕ್ಕದಲ್ಲೇ ನಿಂತು ನೋಡಿದೆ. ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಇನ್ನೂ ಭಯ ಹೋಗಿಲ್ಲ, ಸಕಲೇಶಪುರಕ್ಕೆ ರೈಲಲ್ಲೇ ಹೋಗೋಣ ಅಂತಿದ್ದಾರೆ.