ಪದಚರ್ಚೆ: ‘ಪ್ರತ್ಯೇಕತಾವಾದಿ’ಯೋ, ‘ವಿಮೋಚನಾವಾದಿ’ಯೋ?

ಬಲ್ಲವರಿಗೆ ನಮಸ್ಕಾರ.

ಪೆಸಿಫಿಕ್ ಸಾಗರದಲ್ಲಿ ಫ್ರಾನ್ಸಿನ ಆಳ್ವಿಕೆಯಲ್ಲಿರುವ ನ್ಯೂ ಕ್ಯಾಲೆಡೋನಿಯಾದ ಒಂದು ಸಣ್ಣ ಎಡಪಕ್ಷದ ಬಗ್ಗೆ ಬರೆಯುತ್ತಿದ್ದೇನೆ. 1981ರಲ್ಲಿ ಹುಟ್ಟಿದ ಈ ಪಕ್ಷವನ್ನು ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಎಲ್‌ಕೆಎಸ್ ಎನ್ನುತ್ತಾರೆ. ‘ಸಮಾಜವಾದಿ ಕನಾಕ್ ವಿಮೋಚನೆ’ ಎಂದು ಹೆಸರನ್ನು ಕನ್ನಡಕ್ಕೆ ತಂದದ್ದಾಯಿತು (ಕನಾಕರೆಂದರೆ ಅಲ್ಲಿನ ಮೂಲನಿವಾಸಿಗಳು). ತೊಡಕಿರುವುದು ಫ್ರಾನ್ಸಿನಿಂದ ಸ್ವಾತಂತ್ರ್ಯ ಬೇಕೆಂಬ ಅದರ ನಿಲುವನ್ನು ಹೇಳುವ ಪದದಲ್ಲಿ.

ನಮ್ಮ ಪತ್ರಿಕೆಗಳಲ್ಲಿ ಇಂಥ ಕಡೆ ಸಲೀಸಾಗಿ ಬರುವುದು ‘ಪ್ರತ್ಯೇಕತಾವಾದಿ’. ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಒಂದೇ ಆಗಿದ್ದ ದೇಶವನ್ನು ಒಡೆಯಲು ಹೊರಟವರು ಎಂಬ ಆರೋಪ ಆ ಪದದೊಳಗೇ ಇದೆ. ಇದಾದರೋ 1853ರಲ್ಲಿ ಫ್ರಾನ್ಸ್ ವಶಪಡಿಸಿಕೊಂಡ ನಾಡು. ಸ್ವಯಮಾಡಳಿತ ಸಿಗದ ಪ್ರದೇಶಗಳ ವಿಶ್ವಸಂಸ್ಥೆಯ ಪಟ್ಟಿಗೆ 1986ರಲ್ಲಿ ಮತ್ತೆ ಸೇರಿದ ನಾಡು. ಪೋರ್ಚುಗೀಸರನ್ನು ಎದುರಿಸಿದ ಗೋವೆಯ ಹೋರಾಟಗಾರರನ್ನು ನಾವು ಪ್ರತ್ಯೇಕತಾವಾದಿಗಳು ಎನ್ನುವುದಿಲ್ಲ, ‘ಗೋವಾ ವಿಮೋಚನೆ’ ಎಂದೇ ಬರೆಯುತ್ತೇವೆ. ಕನಾಕರಿಗೆ ಬೇರೆ ಅಳತೆ ಏಕೆ?

‘ಸ್ವಾತಂತ್ರ್ಯವಾದಿ’ ಎಂದರೆ ವ್ಯಕ್ತಿಸ್ವಾತಂತ್ರ್ಯದ ಪ್ರತಿಪಾದಕ ಎಂಬ ಅರ್ಥಕ್ಕೆ ಜಾರುತ್ತದೆ. ‘ಸ್ವಾಯತ್ತತಾವಾದಿ’ ತಪ್ಪೇ ಸರಿ. ರಾಜಧಾನಿ ನೂಮಿಯಾದಲ್ಲಿ ಫ್ರಾನ್ಸಿನೊಂದಿಗೆ ಆದ 1998ರ ಒಪ್ಪಂದದಿಂದ ಅಲ್ಲಿಗೆ ಸಾಕಷ್ಟು ಸ್ವಾಯತ್ತತೆ ಬಂದಿದೆ, ಇವರು ಕೇಳುವುದು ಅದಕ್ಕಿಂತ ಮುಂದಿನದನ್ನು. ‘ಸ್ವಾತಂತ್ರ್ಯಪರ’ ನಡೆಯುತ್ತದೆ, ಆದರೆ ಸಪ್ಪೆ. ನನ್ನ ಒಲವು ‘ವಿಮೋಚನಾವಾದಿ’ಯ ಕಡೆಗೆ.

ಪದದ ವಿಷಯದಲ್ಲಿ ಇಷ್ಟು ಹಟ ಏಕೆಂದರೆ, ಈ ಜನರ ಹೋರಾಟದಲ್ಲಿ ನುಡಿಯ ಪಾಲು ದೊಡ್ಡದು. ಪಕ್ಷ ಕಟ್ಟಿದ ನಿಡೊಯಿಶ್ ನೈಸೆಲಿನ್ ಮಾರೆ ದ್ವೀಪದವರು. ಪ್ಯಾರಿಸ್‌ನಲ್ಲಿ ಓದಿ ಬಂದ ಅವರು 1969ರಲ್ಲಿ ಬಂಧನಕ್ಕೊಳಗಾದದ್ದು ಕರಪತ್ರಗಳ ಕಾರಣಕ್ಕೆ. ಅವು ಫ್ರೆಂಚಿನಲ್ಲಿ ಇರಲಿಲ್ಲ. ಅಲ್ಲಿನ ದ್ವೀಪಗಳ ನೆಂಗೊನೆ, ಡ್ರೆಹು ಭಾಷೆಗಳಲ್ಲಿದ್ದವು. ಬಂಧನದ ಸುದ್ದಿಗೆ ನೂಮಿಯಾದಲ್ಲಿ ಗಲಭೆಯೇ ಎದ್ದಿತು. ‘ಕನಾಕ್’ ಕೂಡ ಹಾಗೆಯೇ: ಹವಾಯಿ ಭಾಷೆಯಲ್ಲಿ ‘ಮನುಷ್ಯ’ ಎಂಬ ಅರ್ಥದ ಪದ ವಸಾಹತುಗಾರರ ಬಾಯಲ್ಲಿ ಬೈಗುಳವಾಯಿತು. ಫ್ರೆಂಚ್ ಕಾಗುಣಿತವನ್ನು ಬಿಟ್ಟು, ಎರಡೂ ಕಡೆ ‘ಕೆ’ ಅಕ್ಷರ ಹಾಕಿ, ಆ ಜನರೇ ಅದನ್ನು ಅಭಿಮಾನದ ಹೆಸರಾಗಿ ಮರಳಿ ಪಡೆದರು. ಉಚ್ಚಾರ ಬದಲಾಗದ ಕಾರಣ ಕನ್ನಡ ಲಿಪಿಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ‘ಕನಕ್’ ಎಂದು ಬರೆದರಂತೂ ಚಿನ್ನವೋ ಕನಕದಾಸರೋ ನೆನಪಾಗುತ್ತಾರೆ. ಆದ್ದರಿಂದ ದೀರ್ಘ ಉಳಿಸಿಕೊಂಡಿದ್ದೇನೆ.

ಗೋವಾ ಅಥವಾ ಹೈದರಾಬಾದ್ ವಿಮೋಚನೆಯ ಕಾಲದ ಕನ್ನಡ ಬರಹಗಳಲ್ಲಿ ‘ವಿಮೋಚನಾವಾದಿ’ ಬಳಕೆಯಾದದ್ದನ್ನು ಯಾರಾದರೂ ಕಂಡಿದ್ದರೆ, ಆ ವಾಕ್ಯವನ್ನು ಇಡಿಯಾಗಿ ತಿಳಿಸಿ. ಬೇರೆ ಪದವೇ ಬಳಕೆಯಲ್ಲಿತ್ತು ಎಂದಾದರೆ ಅದನ್ನೂ ಹೇಳಿ.